ಎಷ್ಟುದ್ದ ಕೊಯ್ಯಬೇಕು? ಕಾರ್ಪಲ್ ಟನಲ್ ಶಸ್ತ್ರಚಿಕಿತ್ಸೆಯಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ಮೂಳೆ ವೈದ್ಯನಾಗಿರುವ ನನ್ನ ಬಳಿಗೆ "ರಾತ್ರಿ ಕೈ ಜೋಮು ಹಿಡೀತೈತಿ ಸರ್, ಎದ್ದು ಕೊಡವಿದ್ರೆ ಸ್ವಲ್ಪ ಸರಿ ಆಗ್ತೈತಿ" ಎನ್ನುತ್ತ ಬರುವವರಲ್ಲಿ ಹೆಚ್ಚಿನವರು ನಡುವಯಸ್ಸಿನ ಹೆಂಗಸರು. ಬಹುತೇಕ ಮಂದಿ ಅಷ್ಟರಲ್ಲಿ ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ವಿಟಮಿನ್ ಮಾತ್ರೆ ನುಂಗಿ, ತಿಂಗಳುಗಳನ್ನು ಕಳೆದಿರುತ್ತಾರೆ. ಕಿರುಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳನ್ನು ತಾವಾಗಿಯೇ ತೋರಿಸಿದರೆ ನನಗೆ ಅರ್ಧ ಉತ್ತರ ಸಿಕ್ಕಂತೆ: ಇದು ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಹೋಗುವ ತೊಂದರೆ. ಥೈರಾಯ್ಡ್, ಸಕ್ಕರೆ ಕಾಯಿಲೆಗಳ ಪರೀಕ್ಷೆ, ನರದ ವಾಹಕತೆಯ ಪರೀಕ್ಷೆ, ರಾತ್ರಿ ಹೊತ್ತು ಮಣಿಕಟ್ಟಿಗೆ ಪಟ್ಟಿ, ಕೆಲವರಿಗೆ ಒಂದು ಸ್ಟೀರಾಯ್ಡ್ ಚುಚ್ಚುಮದ್ದು, ಇವೆಲ್ಲ ಆದ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು. ಆದರೆ ಹೆಬ್ಬೆರಳ ಬುಡದ ಮಾಂಸ ಕರಗಲು ಆರಂಭಿಸಿದ್ದರೆ ನಾನು ಕಾಯುವುದಿಲ್ಲ.

ಮಣಿಕಟ್ಟಿನ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ನಡುವೆ ಮೀಡಿಯನ್ ನರ ಹಾದುಹೋಗುತ್ತದೆ. ಸುರಂಗದ ಸೂರು ಒಂದು ದಪ್ಪ ಲಿಗಮೆಂಟ್, ಅಂದರೆ ಮೂಳೆಗಳ ನಡುವೆ ಬಿಗಿದ ಗಟ್ಟಿ ಪಟ್ಟಿ. ಯಾವ ವಿಧಾನವೇ ಆಗಲಿ, ಆ ಲಿಗಮೆಂಟನ್ನು ಈ ತುದಿಯಿಂದ ಆ ತುದಿಯವರೆಗೆ ಕತ್ತರಿಸುವುದೇ ಕೆಲಸ. ಅಲ್ಲಿಗೆ ತಲುಪುವ ದಾರಿ ಮಾತ್ರ ಬೇರೆ.

ನಾನು ಕಲಿತದ್ದು ಹಳೆಯ ದಾರಿ: ಅಂಗೈ ನಡುವಿನಿಂದ ಮಣಿಕಟ್ಟಿನ ಗೆರೆ ದಾಟಿ ಮುಂಗೈವರೆಗೆ ಉದ್ದದ ಕೊಯ್ತ. ಎಲ್ಲವೂ ಕಣ್ಣೆದುರಿಗೇ ಕಾಣುವುದರಿಂದ ವೈದ್ಯನಿಗೆ ನೆಮ್ಮದಿ, ರೋಗಿಗೆ ಅಷ್ಟಿಲ್ಲ. ಬೆಣ್ಣೆ ದೋಸೆ ಹೋಟೆಲೊಂದರಲ್ಲಿ ಹೆಂಚಿನ ಮುಂದೆ ನಿಲ್ಲುತ್ತಿದ್ದ ಒಬ್ಬರಿಗೆ ಜೋಮು ಮೊದಲ ರಾತ್ರಿಯೇ ಹೋಯಿತು. ಆದರೆ ದೋಸೆ ಮಗುಚುವ ಸಟ್ಟುಗವನ್ನು ಅಂಗೈಗೆ ಒತ್ತಿ ಹಿಡಿದಾಗಲೆಲ್ಲ ಕಲೆಯ ಜಾಗ ನೋಯುತ್ತಿದ್ದರಿಂದ ಮೂರು ತಿಂಗಳು ಅವರು ಗಲ್ಲಾ ನೋಡಿಕೊಂಡರು. ಅಂಗೈಯಲ್ಲಿ ಹೆಬ್ಬೆರಳು, ಕಿರುಬೆರಳುಗಳ ಬುಡದ ಎರಡೂ ದಿಂಡುಗಳಲ್ಲಿ ಬರುವ ನೋವು ಎಲ್ಲ ವಿಧಾನಗಳಲ್ಲೂ ಸ್ವಲ್ಪ ಇರುತ್ತದೆ, ಆದರೆ ಮಣಿಕಟ್ಟಿನ ಗೆರೆ ದಾಟಿದ ಕಲೆಯ ಕಾಟ ಬೇರೆಯೇ.

ಅನಂತರ ನಾನು ಕಿರುಕೊಯ್ತಕ್ಕೆ ಬಂದೆ. ಉಂಗುರ ಬೆರಳಿನ ನೇರಕ್ಕೆ, ಅಂಗೈಯಲ್ಲೇ ಮುಗಿಯುವ ಎರಡೂವರೆ ಸೆಂಟಿಮೀಟರು. ಹೆಬ್ಬೆರಳಿನ ಕಡೆಗೆ ವಾಲಿದರೆ ಅದರ ಸ್ನಾಯುಗಳಿಗೆ ಹೋಗುವ ನರದ ಕವಲು ಅಪಾಯಕ್ಕೆ ಸಿಲುಕುತ್ತದೆ. ಆರಂಭದ ಉತ್ಸಾಹದಲ್ಲಿ ನಾನು ಒಂದು ತಪ್ಪು ಮಾಡಿದೆ: ಟೈಲರ್ ಒಬ್ಬರ ಕೈಯಲ್ಲಿ ಲಿಗಮೆಂಟಿನ ಬೆರಳ ಕಡೆಯ ಅಂಚು ಕೆಲವು ಮಿಲಿಮೀಟರು ಉಳಿದುಹೋಯಿತು. ಅವರ ಜೋಮು ಒಂದು ವಾರವೂ ಬಿಡಲಿಲ್ಲ. ಎರಡನೆಯ ಸಲ ಉದ್ದ ಕೊಯ್ದು ನೋಡಿದಾಗ ಆ ಪಟ್ಟಿ ನರದ ಮೇಲೆ ದಾರ ಬಿಗಿದಂತೆ ಕೂತಿತ್ತು. ಅಂದಿನಿಂದ ಅಂಗೈಯ ರಕ್ತನಾಳದ ಕಮಾನನ್ನು ಸುತ್ತುವರಿದ ಹಳದಿ ಕೊಬ್ಬು ಕಣ್ಣಿಗೆ ಬೀಳುವವರೆಗೆ ನಾನು ಕತ್ತರಿಯನ್ನು ಕೆಳಗಿಡುವುದಿಲ್ಲ. ಮುಂಗೈ ಕಡೆಯ ಭಾಗವನ್ನೂ ಚರ್ಮ ಎತ್ತಿ ಹಿಡಿದು, ಕಂಡಷ್ಟನ್ನೇ ಕತ್ತರಿಸುತ್ತೇನೆ.

ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ವಿಧಾನ 1989ರಲ್ಲಿ ಜಪಾನಿನ ಒಕುತ್ಸು ಮತ್ತು ಅಮೆರಿಕದ ಚೌ ಅವರ ವರದಿಗಳಿಂದ ಬೆಳಕಿಗೆ ಬಂತು. ಮಣಿಕಟ್ಟಿನ ಬಳಿಯ ಸಣ್ಣ ರಂಧ್ರದಿಂದ ಒಳಹೋಗಿ, ಚರ್ಮ ಮತ್ತು ಕೊಬ್ಬನ್ನು ಮುಟ್ಟದೆ ಲಿಗಮೆಂಟನ್ನು ಕೆಳಗಿನಿಂದ ಕತ್ತರಿಸುವ ಕ್ರಮವಿದು. ತರಬೇತಿ ಪಡೆದು ಒಂದಷ್ಟು ಕೈಗಳಿಗೆ ಮಾಡಿದ್ದೇನೆ. ಅವರು ಕೆಲಸಕ್ಕೆ ಬೇಗ ಮರಳಿದ್ದು ನಿಜ. ಆದರೆ ಕೆಲವು ತಿಂಗಳು ಕಳೆದ ಮೇಲೆ ಅವರಿಗೂ ಕೊಯ್ತ ಮಾಡಿಸಿಕೊಂಡವರಿಗೂ ನಡುವೆ ವ್ಯತ್ಯಾಸ ಹುಡುಕುವುದು ಕಷ್ಟ. ಬೆರಳುಗಳಲ್ಲಿ ತಾತ್ಕಾಲಿಕ ಮರಗಟ್ಟುವಿಕೆ ಈ ವಿಧಾನದಲ್ಲಿ ಹೆಚ್ಚು, ಬ್ಲೇಡಿನ ಖರ್ಚು ರೋಗಿಯ ಮೇಲೆ, ಮತ್ತು ಎರಡನೆಯ ಸಲದ ಶಸ್ತ್ರಚಿಕಿತ್ಸೆಗೆ ಅಥವಾ ಮಣಿಕಟ್ಟು ಹಿಂದಕ್ಕೆ ಬಾಗದವರಿಗೆ ಇದು ಸಲ್ಲದು.

ಮೊಳಕಾಲ್ಮೂರಿನಿಂದ ಬಂದ ರೇಷ್ಮೆ ನೇಕಾರರೊಬ್ಬರು "ಕ್ಯಾಮೆರಾದಾಗ ಮಾಡ್ತಾರಂತಲ್ಲ ಸರ್, ಅದನ್ನೇ ಮಾಡ್ರಿ" ಎಂದು ಹಟ ಹಿಡಿದಿದ್ದರು. ಕಡಿದ ಎಳೆಯನ್ನು ಗಂಟು ಹಾಕಲು ಬೆರಳ ತುದಿಗೆ ಸ್ಪರ್ಶವೇ ಇರಲಿಲ್ಲ, ಹೆಬ್ಬೆರಳ ಬುಡ ಬತ್ತಿತ್ತು. ಕತ್ತರಿಸುವ ದಾರಿ ಯಾವುದಾದರೂ ಕರಗಿದ ಮಾಂಸ ಪೂರ್ತಿ ಮರಳುವ ಭರವಸೆಯಿಲ್ಲವೆಂದು ಮೊದಲೇ ತಿಳಿಸಿ, ಬಲಗೈಗೆ ಕಿರುಕೊಯ್ತವನ್ನೇ ಮಾಡಿದೆ. ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನನ್ನು (ಆ ಜಾಗವನ್ನಷ್ಟೇ ಮರಗಟ್ಟಿಸುವ ಮದ್ದು) ಅಂಗೈಗೆ ಚುಚ್ಚಿ ಅರ್ಧ ಗಂಟೆ ಕಾದರೆ ರಕ್ತ ಒಸರುವುದು ಬಹಳ ಕಡಿಮೆಯಾಗುತ್ತದೆ. ರಕ್ತ ತಡೆಯಲು ತೋಳಿಗೆ ಟೂರ್ನಿಕೆ ಪಟ್ಟಿ ಬಿಗಿಯುವ ನೋವೂ ಇಲ್ಲ, ಉಪವಾಸವೂ ಬೇಕಿಲ್ಲ. ಕೆನಡಾದ ಡೊನಾಲ್ಡ್ ಲಾಲಾಂಡ್ ಬಳಕೆಗೆ ತಂದ ಈ ಕ್ರಮ ನನ್ನ ಕೆಲಸವನ್ನು ಎಂಡೋಸ್ಕೋಪಿಗಿಂತ ಹೆಚ್ಚು ಬದಲಿಸಿತು. ಆ ಅರ್ಧ ಗಂಟೆ ಅವರು ಮಗ್ಗದ ವಿಷಯ ಹೇಳುತ್ತಿದ್ದರು. ಹದಿನಾಲ್ಕನೆಯ ದಿನ ಹೊಲಿಗೆ ಬಿಚ್ಚಿದೆ. ಸ್ಪರ್ಶ ನಿಧಾನವಾಗಿ ಮರಳುತ್ತಿದೆ, ಬುಡದ ಮಾಂಸ ಹಾಗೆಯೇ ಇದೆ. ಎಡಗೈಯನ್ನು ದೀಪಾವಳಿಯ ಸೀರೆಗಳು ಮುಗಿದ ಮೇಲೆ ಮಾಡುವುದೆಂದು ಗೊತ್ತು ಮಾಡಿಕೊಂಡಿದ್ದೇವೆ.