ಟು-ಲೆಟ್ ಬೋರ್ಡ್ ನೋಡಿ ಏರಿಯಾ ಆರಿಸಿದೆ

ಒಂದು ಮಹಡಿಯಲ್ಲಿ ತಾವಿದ್ದು, ಉಳಿದದ್ದನ್ನು ಬಾಡಿಗೆಗೆ ಕೊಟ್ಟು ಸಾಲ ತೀರಿಸುವುದಕ್ಕೆ ಅಮೆರಿಕದಲ್ಲಿ ಹೌಸ್ ಹ್ಯಾಕ್ ಅನ್ನುತ್ತಾರೆ. ಬೆಂಗಳೂರಲ್ಲಿ ಇದಕ್ಕೆ ಹೆಸರೇ ಇಲ್ಲ. ಓನರ್ ಕೆಳಗಡೆ ಇರ್ತಾರೆ, ಅಷ್ಟೇ.

2021ರ ಕೊನೆಯಲ್ಲಿ ನಾನೂ ಹೆಂಡತಿಯೂ ಮನೆ ಹುಡುಕಲು ಹೊರಟೆವು. ಬಾಡಿಗೆಗಿದ್ದ ವಿಜಯನಗರದಲ್ಲೇ ಕೊಳ್ಳುವುದು ಆಗದ ಮಾತು. ಬ್ರೋಕರ್‌ಗಳು ಮುಂದೆ ಬರಲಿರುವ ಮೆಟ್ರೊ ಲೈನ್‌ಗಳ ಮ್ಯಾಪ್ ತೋರಿಸುತ್ತಿದ್ದರು. ನನಗೆ ಆಗಲೇ ಬಂದಿರುವ ರೈಲು ಬೇಕಿತ್ತು. ಕೆಂಗೇರಿಗೆ ಆ ಆಗಸ್ಟ್‌ನಲ್ಲೇ ಬಂದಿತ್ತು.

ಐದು ಭಾನುವಾರ ಕೆಂಗೇರಿ ಉಪನಗರದ ಕ್ರಾಸ್‌ಗಳನ್ನು ಸುತ್ತಿದೆ. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡ್‌ಗಳ ನಂಬರಿಗೆ ಬಾಡಿಗೆ ಕೇಳುವವನ ಹಾಗೆ ಫೋನ್ ಮಾಡಿದೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ಕಾವೇರಿನಾ ಬೋರಾ? ಮುಂದಿನ ವಾರ ಹೋಗಿ ಬೋರ್ಡ್ ಇದೆಯಾ ನೋಡುತ್ತಿದ್ದೆ. ಸ್ಟೇಷನ್ನಿಂದ ಹತ್ತು ನಿಮಿಷದ ನಡಿಗೆಯೊಳಗಿನವು ವಾರದಲ್ಲೇ ಮಾಯ. ಆಟೊ ಹಿಡಿಯಬೇಕಾದಷ್ಟು ಒಳಗಿನವು ತಿಂಗಳಾದರೂ ಅಲ್ಲೇ, ಮಳೆಗೆ ನಂಬರ್ ಕಲಸಿಹೋಗಿ.

ಒಂದು ಮನೆ ತುಂಬಾ ಹಿಡಿಸಿತ್ತು. ತೋರಿಸಿದ್ದು ಮಟಮಟ ಮಧ್ಯಾಹ್ನ. ಮಳೆ ಬಂದು ನಿಂತ ಒಂದು ರಾತ್ರಿ ನಾವೇ ಸುಮ್ನೆ ಹೋದೆವು. ಎರಡು ಬೀದಿ ಆಚೆ ವೃಷಭಾವತಿ, ಊರಿನ ಕೊಳಚೆ ಹೊತ್ತು ಹರಿಯುವ ಹೊಳೆ. ಹೆಂಡತಿ ವೇಲ್ ಮೂಗಿಗೆ ಒತ್ತಿಕೊಂಡು, ಸ್ಕೂಟರ್ ತಿರುಗಿಸು ಅಂತ ಕೈಸನ್ನೆ ಮಾಡಿದಳು. ಇನ್ನೊಂದು ಅಗ್ಗವಾಗಿತ್ತು, ಆದರೆ ಬಿ ಖಾತಾ, ಅಂದರೆ ದಾಖಲೆ ಪೂರ್ತಿ ಸಕ್ರಮವಲ್ಲದ ಆಸ್ತಿ. ಬ್ಯಾಂಕಿನವರು ಫೈಲ್ ಪೂರ್ತಿ ತೆರೆಯಲೂ ಇಲ್ಲ.

ಕೊನೆಗೆ 20x30 ಸೈಟಿನ ಹಳೇ ಮನೆ ಸಿಕ್ಕಿತು. ಮೇಲೆ ಎರಡು ಮಹಡಿ, ಒಂದೊಂದರಲ್ಲೂ ಒಂದು ಪುಟ್ಟ ಮನೆ. 80 ಲಕ್ಷ, ಸಾಲ 64. ಸ್ಟ್ಯಾಂಪ್ ಡ್ಯೂಟಿ, ನೋಂದಣಿಗೆ ಬ್ಯಾಂಕ್ ಕೊಡಲಿಲ್ಲ, ಬಳೆ ಅಡವಿಟ್ಟೆವು. ಕಂತು ಸುಮಾರು 50 ಸಾವಿರ, ಎರಡೂ ಬಾಡಿಗೆ ಸೇರಿ 22 ಸಾವಿರ. ಬಾಡಿಗೆಯಲ್ಲೇ ಇಎಂಐ ತೀರುತ್ತೆ ಅನ್ನುವವರನ್ನು ನಂಬಬೇಡಿ, ಬೆಂಗಳೂರಿನ ಲೆಕ್ಕ ಹಾಗಿಲ್ಲ. ನಾವು ಕೊಡುತ್ತಿದ್ದ 16 ಸಾವಿರ ಬಾಡಿಗೆ ಉಳಿಯಿತಲ್ಲ, ಅದರಿಂದ ಬಚಾವ್. 2022ರ ಮಾರ್ಚ್‌ನಲ್ಲಿ ನೋಂದಣಿ. ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸತೊಡಗಿತು. ಅದು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 4ರಿಂದ 2023ರ ಫೆಬ್ರವರಿಗೆ ಶೇ 6.5. ನಮ್ಮ ಬ್ಯಾಂಕ್ ಕಂತು ಅಷ್ಟೇ ಇಟ್ಟು ಸಾಲ ತೀರಿಸುವ ವರ್ಷಗಳನ್ನು ಎಳೆಯಿತು. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

2023ರ ಅಕ್ಟೋಬರ್ 9ರಿಂದ ಕೆಂಗೇರಿ ಮೂಲಕ ಚಲ್ಲಘಟ್ಟ–ವೈಟ್‌ಫೀಲ್ಡ್ ನೇರ ಮೆಟ್ರೊ ರೈಲು ಓಡತೊಡಗಿತು. ಮುಂದಿನ ತಿಂಗಳು ಮೇಲಿನ ಮನೆ ಖಾಲಿಯಾಗಿ, ಗೇಟಿಗೆ ನಾನೇ ಬೋರ್ಡ್ ಕಟ್ಟಿದೆ. ಮಧ್ಯಾಹ್ನದೊಳಗೆ ಫೋನ್. ಹಲೋ ಅನ್ನುವ ಮೊದಲೇ ಆ ಹುಡುಗ ಕೇಳಿದ: "ನೀರು ಕಾವೇರಿನಾ ಬೋರಾ, ಸಾರ್?"