ಅಕ್ಷರ ಬರುವ ಮುನ್ನವೇ ಗ್ರಂಥಾಲಯಕ್ಕೆ: ಕೊಪ್ಪಳದ ಪಾಲಕರಿಗೆ

ಗ್ರಂಥಾಲಯವೆಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಮತ್ತು ಮುಂಜಾನೆ ಪೇಪರು ನೋಡುವ ಹಿರಿಯರ ಜಾಗ ಎಂಬ ಭಾವನೆ ಕೊಪ್ಪಳದ ಹಳ್ಳಿಗಳಲ್ಲಿ ಬೇರೂರಿದೆ. ಮೂರು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋದರೆ, ‘ಇದಕ್ಕ ಇನ್ನಾ ಅಕ್ಷರನ ಬರಂಗಿಲ್ಲಲ್ಲ’ ಎನ್ನುವವರೇ ಹೆಚ್ಚು. ಆದರೆ ಅಕ್ಷರ ಬರುವ ಮುನ್ನವೇ ಹೋಗಬೇಕಾದದ್ದು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಅದಕ್ಕಿಂತ ಚಿಕ್ಕ ಮಗುವಿಗಾದರೆ ಅಕ್ಕನ, ಅಣ್ಣನ ಅಥವಾ ನಿಮ್ಮದೇ ಕಾರ್ಡಿನಲ್ಲಿ ಪುಸ್ತಕ ತರಬಹುದು. ಬೇಸಿಗೆಯಲ್ಲಿ ಹೋಗುವ ಮುನ್ನ ವೇಳೆಯನ್ನು ಮೇಲ್ವಿಚಾರಕರಲ್ಲಿ ಕೇಳಿಕೊಳ್ಳಿ. ಸಂಕೋಚ ಬೇಡ: ನೀವು ಕಟ್ಟುವ ಮನೆ ತೆರಿಗೆಯ ಜೊತೆಯಲ್ಲೇ ಗ್ರಂಥಾಲಯ ಕರವೂ ಸೇರಿರುತ್ತದೆ.

ಪುಸ್ತಕ ಆರಿಸುವಾಗ ಮುಖಪುಟಕ್ಕೆ ಮರುಳಾಗದೆ ನಡುವಿನ ಪುಟ ತೆರೆದು ನೋಡಿ. ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ, ಮಗು ಕಂಡಿರುವ ಕೋಳಿಯೋ ಎಮ್ಮೆಯೋ ಬಸ್ಸೋ ಇದ್ದರೆ ಸಾಕು. ನೀತಿ ಹೇಳಲೆಂದೇ ಬರೆದ ಕಥೆಗಳನ್ನು ನಾನಂತೂ ಬದಿಗಿಡುತ್ತೇನೆ. ಒಂದು ಊರಿನಲ್ಲಿ ಮಕ್ಕಳ ಪುಸ್ತಕಗಳನ್ನೆಲ್ಲ ಹರಿದಾವೆಂದು ಗಾಜಿನ ಬೀರುವಿನಲ್ಲಿಟ್ಟು ಕೀಲಿ ಹಾಕಿದ್ದನ್ನು ನೋಡಿದ್ದೇನೆ. ಹಾಗಿದ್ದಲ್ಲಿ, ಹತ್ತಿಪ್ಪತ್ತು ಪುಸ್ತಕಗಳನ್ನಾದರೂ ಮಗುವಿನ ಕೈಗೆ ಎಟುಕುವಂತೆ ಒಂದು ಬುಟ್ಟಿಯಲ್ಲಿಡಲು ವಿನಂತಿಸಿ, ಹರಿದರೆ ಅಂಟಿಸಿಕೊಡುವುದಾಗಿ ಹೇಳಿ.

ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಟ ತಿರುವುವ ಕೆಲಸವನ್ನು ಅದಕ್ಕೇ ಬಿಡಿ. ಎರಡು ಪುಟ ಒಟ್ಟಿಗೆ ತಿರುವುತ್ತದೆ, ರೊಟ್ಟಿಯ ಹಿಟ್ಟು ಹತ್ತಿದ ಬೆರಳನ್ನು ಕೋಳಿಮರಿಯ ಮೇಲಿಟ್ಟು ‘ಇದು ಯಾಕ ಅಳಾಕತ್ತೈತಿ?’ ಎನ್ನುತ್ತದೆ. ಆಗ ಓದು ನಿಲ್ಲಿಸಿ, ‘ನಿನಗ ಏನ ಅನಸ್ತೈತಿ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ನಾವು ದೊಡ್ಡವರು ಸೋಲುವುದು ಈ ಕಾಯುವಿಕೆಯಲ್ಲೇ. ಓದುವಾಗ ಸಾಲಿನ ಕೆಳಗೆ ಬೆರಳಾಡಿಸಿದರೆ, ಮಾತು ಹುಟ್ಟುವುದು ಚಿತ್ರದಿಂದಷ್ಟೇ ಅಲ್ಲ, ಆ ಕಪ್ಪು ಗುರುತುಗಳಿಂದಲೂ ಎಂಬುದು ಮಗುವಿಗೆ ಹೊಳೆಯುತ್ತದೆ. ಅದೇ ಪುಸ್ತಕವನ್ನು ಹತ್ತನೆಯ ಸಲ ಕೇಳಿದರೆ ಹತ್ತನೆಯ ಸಲವೂ ಓದಿ. ಮುಂದಿನ ಸಾಲನ್ನು ತಾನೇ ಹೇಳುವ ಖುಷಿಗಾಗಿ ಅದು ಕೇಳುತ್ತಿರುತ್ತದೆ.

ಓದು ಬಾರದ ಅವ್ವ, ಅಜ್ಜಿಯರು ಚಿತ್ರ ನೋಡಿ ತಮ್ಮದೇ ಕಥೆ ಕಟ್ಟಲಿ. ಮನೆಮಾತು ಲಂಬಾಣಿಯೋ ಉರ್ದುವೋ ಗಂಗಾವತಿ ಕಡೆಯ ಕ್ಯಾಂಪುಗಳ ತೆಲುಗೋ ಆಗಿದ್ದರೆ ಆ ಮಾತಿನಲ್ಲೇ ಹೇಳಲಿ. ಮನೆಮಾತಿನಲ್ಲಿ ಕಥೆ ತಿಳಿದ ಮಗುವಿಗೆ ಅದರ ಕನ್ನಡ ಪದಗಳು ಬೇಗ ಹತ್ತುತ್ತವೆ. ಕಿನ್ನಾಳದ ಮರದ ಗೊಂಬೆಯೊಂದು ಮನೆಯಲ್ಲಿದ್ದರೆ ಅದನ್ನೂ ಕಥೆಯೊಳಗೆ ಎಳೆದುಕೊಳ್ಳಿ.

ಪಾಟಿಯ ಮೇಲೆ ತಿದ್ದಿಸುವ ಅವಸರ ಬೇಡ. ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ಶಾಲೆಗೆ ಸೇರಿದ ಮೇಲೂ ಕೆಲವು ವರ್ಷಗಳೇ ಬೇಕಾಗುತ್ತವೆ. ಈ ವಯಸ್ಸಿಗೆ ಕಿವಿಯ ಆಟ ಸಾಕು: ‘ಕ-ಮ-ಲ’ ಎಂದು ಮೂರು ಚಪ್ಪಾಳೆ, ‘ಮ’ದಿಂದ ಶುರುವಾಗುವ ಹೆಸರುಗಳ ಹುಡುಕಾಟ, ಒಡಪು, ಪ್ರಾಸದ ಹಾಡು.

ಗುಳೆ ಹೋಗುವ ಮನೆಯವರು ಪುಸ್ತಕಗಳನ್ನು ಮರಳಿಸಿ, ಹೊರಡುವ ಮುನ್ನ ಫೋನಿಗೆ ಕಥೆಗಳನ್ನು ಇಳಿಸಿಕೊಳ್ಳಬಹುದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಫೋನನ್ನು ಮಗುವಿನ ಕೈಗೆ ಕೊಟ್ಟು ಎದ್ದುಹೋಗದೆ, ಪುಸ್ತಕದಂತೆಯೇ ಜೊತೆಗೆ ಕುಳಿತು ನೋಡಿ.

ನಿಮ್ಮ ಅರಿವು ಕೇಂದ್ರದಲ್ಲಿ ಚಿತ್ರಪುಸ್ತಕಗಳೇ ಇಲ್ಲದಿದ್ದರೆ, ಮೂರರಿಂದ ಆರು ವರ್ಷದವರ ಪುಸ್ತಕ ಬೇಕೆಂದು ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಮಕ್ಕಳ ಗ್ರಾಮಸಭೆಯಲ್ಲಿ ದೊಡ್ಡ ಮಕ್ಕಳಿಂದಲೂ ಕೇಳಿಸಿ. ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಮಾತಾಡಿ, ವಾರಕ್ಕೊಂದು ಮುಂಜಾನೆ ಮಕ್ಕಳನ್ನು ಅರಿವು ಕೇಂದ್ರಕ್ಕೆ ಕರೆತರುವ ದಿನವನ್ನೂ ಗೊತ್ತುಮಾಡಿಕೊಳ್ಳಿ.