ಕಾಗೆ, ಬುತ್ತಿ, ಕೋಣನ ಚರ್ಮ: ಕನ್ನಡದ ಕಟಪಯಾದಿಯಿಂದ ನಾನು ಅಂಕಿಗಳನ್ನು ನೆನಪಿಟ್ಟ ಬಗೆ

ಕಳೆದ ತಿಂಗಳು ನಮ್ಮ ಶಾಖೆಯ ಸಭೆಯಲ್ಲಿ ಸಹೋದ್ಯೋಗಿಯೊಬ್ಬರು ಮನಸ್ಸಿಗೆ ಬಂದಂತೆ ಎಂಬತ್ತು ಅಂಕಿಗಳನ್ನು ಹಲಗೆಯ ಮೇಲೆ ಬರೆದರು. ನಾನು ನಾಲ್ಕು ನಿಮಿಷ ನೋಡಿ, ಹಲಗೆಗೆ ಬೆನ್ನು ಮಾಡಿ ನಿಂತು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಆಮೇಲೆ ಕೊನೆಯಿಂದ ಮೊದಲಿಗೂ ಒಪ್ಪಿಸಿದೆ. ಒಂದೂ ತಪ್ಪಲಿಲ್ಲ. ಮೂರು ವರ್ಷದ ಹಿಂದೆ 00ರಿಂದ 99ರವರೆಗೆ ಪ್ರತಿ ಜೋಡಿ ಅಂಕಿಗೂ ಒಂದು ಕನ್ನಡ ಪದ, ಆ ಪದಕ್ಕೊಂದು ಚಿತ್ರ, ಹೀಗೆ ನೂರು ಚಿತ್ರಗಳ ಕೋಷ್ಟಕ ಕಟ್ಟುತ್ತೇನೆ ಎಂದಾಗ, ಜೇಬಿನಲ್ಲಿ ಮೊಬೈಲ್ ಇರುವಾಗ ಈ ಕಸರತ್ತೇಕೆ ಎಂದವರೂ ಇವರೇ. ಅಂದು ಅವರಿಗೆ ಕೊಡಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ವಿಮಾ ಏಜೆಂಟ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಗ್ರಾಹಕರ ಮೊಬೈಲ್ ಸಂಖ್ಯೆ, ಕಂತಿನ ತಾರೀಖು, ಪಾಲಿಸಿ ಸಂಖ್ಯೆ ಎಲ್ಲವೂ ಅಂಕಿಗಳೇ. ನಲವತ್ತೈದು ದಾಟಿದ ಮೇಲೆ ಒಂದು ಕಂತಿನ ತಾರೀಖು ಮರೆತು, ಒಬ್ಬರ ಪಾಲಿಸಿ ರದ್ದಾಗುವ ಹಂತಕ್ಕೆ ಹೋಯಿತು. ಆ ಮನೆಯವರ ಮುಂದೆ ತಲೆ ತಗ್ಗಿಸಿ ನಿಂತ ದಿನವೇ ಇದಕ್ಕೆ ಕೈ ಹಾಕಿದೆ.

ಮೊದಲು ಕಳೆದ ಹಣದ ಲೆಕ್ಕ. ಎರಡು ದಿನದ ನೆನಪಿನ ಕಾರ್ಯಾಗಾರಕ್ಕೆ ಏಳೂವರೆ ಸಾವಿರ ರೂಪಾಯಿ. ಅಲ್ಲಿಯೇ ಮಾರಿದ ಪುಸ್ತಕ ಮತ್ತು ಚಿತ್ರದ ಕಾರ್ಡುಗಳಿಗೆ ಸಾವಿರದ ಇನ್ನೂರೋ ಮುನ್ನೂರೋ. ಒಂದು ಆ್ಯಪ್‌ಗೆ ಎರಡು ವರ್ಷದ ಚಂದಾ, ಸುಮಾರು ನಾಲ್ಕು ಸಾವಿರ. ಬ್ರಾಹ್ಮಿ ಮಾತ್ರೆಗೆ ತಿಂಗಳಿಗೆ ನಾನೂರರಂತೆ ಎಂಟು ತಿಂಗಳು. ಎಲ್ಲ ಸೇರಿ ಹದಿನಾರು ಸಾವಿರ ಆಗಿರಬೇಕು. ಮಾತ್ರೆ ನುಂಗಿದ ಎಂಟು ತಿಂಗಳೂ ವಾರಕ್ಕೊಮ್ಮೆ ನನ್ನನ್ನು ನಾನೇ ಪರೀಕ್ಷೆ ಮಾಡಿ ಬರೆದಿಟ್ಟಿದ್ದೇನೆ. ಐದು ನಿಮಿಷಕ್ಕೆ ಹದಿನೆಂಟರಿಂದ ಇಪ್ಪತ್ತೆರಡು ಅಂಕಿ. ಮೊದಲ ವಾರವೂ ಅಷ್ಟೇ, ಕೊನೆಯ ವಾರವೂ ಅಷ್ಟೇ. ಕೊನೆಗೆ ಕೆಲಸಕ್ಕೆ ಬಂದದ್ದು ನಲವತ್ತು ರೂಪಾಯಿಯ ಒಂದು ನೋಟ್ ಪುಸ್ತಕ.

ಕಾರ್ಯಾಗಾರದಲ್ಲಿ ಕಲಿಸಿದ್ದು ಇಂಗ್ಲಿಷ್ ಧ್ವನಿಗಳ ಪದ್ಧತಿ. ಅದರಲ್ಲಿ ಟ, ತ, ಡ, ದ ಎಲ್ಲವೂ 1. ಇಂಗ್ಲಿಷ್ ಕಿವಿಗೆ ಅದು ಸರಿ. ನನಗೆ ಟೋಪಿಯೂ ದೋಣಿಯೂ ಒಂದೇ ಅಂಕಿಯಿಂದ ಶುರುವಾಗುವುದು ಆರು ತಿಂಗಳಾದರೂ ಒಗ್ಗಲಿಲ್ಲ. ಅಂಕಿ ನೋಡಿ, ಇಂಗ್ಲಿಷ್ ಪದ ಹುಡುಕಿ, ಅದರ ಚಿತ್ರ ತಂದುಕೊಳ್ಳುವಷ್ಟರಲ್ಲಿ ಮುಂದಿನ ಎರಡು ಅಂಕಿ ಜಾರಿರುತ್ತಿದ್ದವು. ನಮ್ಮಲ್ಲೇ ಕಟಪಯಾದಿ ಎಂಬ ಹಳೆಯ ಪದ್ಧತಿ ಇದೆ: ಕ, ಟ, ಪ, ಯ ಪ್ರತಿಯೊಂದರಿಂದಲೂ 1, 2, 3 ಎಂದು ವ್ಯಂಜನಗಳಿಗೆ ಸಾಲಾಗಿ ಅಂಕಿ, ಞ ಮತ್ತು ನ ಸೊನ್ನೆ, ಗುಣಿತದ ಸ್ವರಕ್ಕೆ ಬೆಲೆಯಿಲ್ಲ. ಅದು ಇದೆಯಲ್ಲ ಎಂದು ಕೇಳಿದ್ದಕ್ಕೆ ತರಬೇತುದಾರರು, ಅದು ಶ್ಲೋಕ ಕಟ್ಟುವವರಿಗೆ, ಕನ್ನಡದಲ್ಲಿ ಅದಕ್ಕೆ ಸಾಕಷ್ಟು ಪದಗಳಿಲ್ಲ ಎಂದರು. ಆ ಮಾತು ಪೂರ್ತಿ ತಪ್ಪು. ಎರಡಕ್ಷರದ ವಸ್ತುವಾಚಕಗಳು ಕನ್ನಡದಲ್ಲಿರುವಷ್ಟು ಸಮೃದ್ಧವಾಗಿ ಇನ್ನೆಲ್ಲಿವೆ? ಎರಡಕ್ಷರ ಎಂದರೆ ಎರಡು ಅಂಕಿ. ಕಪ್ಪೆ 11, ಕುರಿ 12, ಕಾಗೆ 13, ಕೋಣ 15, ಕತ್ತೆ 16, ಕಾಸು 17, ಕೋಳಿ 19. ಹಿತ್ತಲಿನಲ್ಲಿ ಕಣ್ಣಾಡಿಸಿದರೆ ಅರ್ಧ ಕೋಷ್ಟಕ ಅಲ್ಲೇ ಓಡಾಡುತ್ತಿರುತ್ತದೆ.

ಆದರೂ ಮೊದಲ ವರ್ಷ ಎಡವಿದ್ದು ಮೂರು ಕಡೆ.

ಒಂದನೆಯದು ಓದುವ ದಿಕ್ಕು. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳಲ್ಲಿ ಹೆಸರಿನ ಮೊದಲ ಎರಡಕ್ಷರವೇ ರಾಗದ ಕ್ರಮಸಂಖ್ಯೆ ಹೇಳುತ್ತದೆ; ಅಲ್ಲಿಯಂತೆ ಬಲದಿಂದ ಎಡಕ್ಕೆ ಓದಬೇಕು ಎಂದು ಸಂಸ್ಕೃತ ಬಲ್ಲ ಗೆಳೆಯರು ಪಟ್ಟು ಹಿಡಿದರು. ಮಾಯಾಮಾಳವಗೌಳದ ಮಾಯಾ ಎಂದರೆ 5, 1, ತಿರುಗಿಸಿದರೆ 15. ಶಾಸ್ತ್ರಕ್ಕೆ ಅದು ಸರಿ. ನನಗೋ ಪ್ರತಿ ಚಿತ್ರಕ್ಕೂ ಒಂದು ತಿರುವು ಹೆಚ್ಚಾಯಿತು, ಅವಸರದಲ್ಲಿ 31 ಹೋಗಿ 13 ಆಗುತ್ತಿತ್ತು. ನಾಲ್ಕು ತಿಂಗಳ ಕೆಲಸವನ್ನು ಅಳಿಸಿ ಎಡದಿಂದ ಬಲಕ್ಕೆ ಬರೆದುಕೊಂಡೆ. ಗೆಳೆಯರು ಇದು ಕಟಪಯಾದಿಯೇ ಅಲ್ಲ ಎಂದರು. ವೃತ್ತದ ಪರಿಧಿ ಮತ್ತು ವ್ಯಾಸದ ಅನುಪಾತವನ್ನು ಹೇಳುವ ಶ್ಲೋಕ ‘ಗೋಪೀಭಾಗ್ಯಮಧುವ್ರಾತ’ ಎಂದೇ ಶುರುವಾಗುತ್ತದೆ. ಎಡದಿಂದ ಓದಿದರೆ 3, 1, 4, 1, 5, 9, 2, 6. ಅದನ್ನು ತೋರಿಸಿದ ಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಎರಡನೆಯದು ಒತ್ತಕ್ಷರ. ಅದೇ ಶ್ಲೋಕದಲ್ಲಿ ‘ಗ್ಯ’ಕ್ಕೆ ಕೊನೆಯ ಯಕಾರವನ್ನು ಹಿಡಿಯುತ್ತಾರೆ. ಎರಡನೆಯ ಮೇಳ ರತ್ನಾಂಗಿಯಲ್ಲೂ ನಕಾರವನ್ನೇ ಹಿಡಿಯಬೇಕು. ಹದಿನಾರನೆಯ ಚಕ್ರವಾಕದಲ್ಲಿ ಮಾತ್ರ ‘ಕ್ರ’ದ ಮೊದಲ ಕಕಾರ. ರೂಢಿಯಲ್ಲೇ ಹೀಗೆ ಎರಡೂ ಇರುವಾಗ ನಾನು ಒಂದೇ ನಿಯಮ ಇಟ್ಟುಕೊಂಡೆ: ಬರೆದಾಗ ಕಣ್ಣಿಗೆ ದೊಡ್ಡದಾಗಿ ಕಾಣುವ ಅಕ್ಷರಕ್ಕೆ ಮಾತ್ರ ಬೆಲೆ, ಒತ್ತಿಗೂ ಅರ್ಕಾವೊತ್ತಿಗೂ ಇಲ್ಲ. ಧ್ವಜ 98, ಚರ್ಮ 65. ಹಕ್ಕಿ, ಬೆಕ್ಕು, ಹಲ್ಲಿ ಎಂಬ ಸಜಾತೀಯ ಒತ್ತಿನ ಪದಗಳಿಗೆ ಈ ತಕರಾರೇ ಇಲ್ಲ.

ಮೂರನೆಯದು ನನ್ನನ್ನು ಬಹಳ ಕಾಡಿತು. ಕಟಪಯಾದಿಯಲ್ಲಿ 9 ಎಂದರೆ ಝ, ಧ, ಳ. ಳಕಾರದಿಂದ ಕನ್ನಡದ ಪದ ಶುರುವಾಗುವುದಿಲ್ಲ. ಝಕಾರದಿಂದ ಬೆರಳೆಣಿಕೆಯಷ್ಟು. ಉಳಿದದ್ದು ಧ. ಇತ್ತ ನನ್ನ ಗ್ರಾಹಕರ ಮೊಬೈಲ್ ಸಂಖ್ಯೆಗಳಲ್ಲಿ ಮುಕ್ಕಾಲು ಪಾಲು ಶುರುವಾಗುವುದೇ 94, 97, 98, 99ರಿಂದ. ಎಲ್ಲಿ ಪದಗಳ ಬರವೋ ಅಲ್ಲೇ ಸಂಖ್ಯೆಗಳ ಜಾತ್ರೆ. ಧೂಪ 91, ಝರಿ 92, ಧಾಬಾ 93, ಧೂಮ 95, ಧೋತಿ 96, ಧ್ವಜ 98, ಧೂಳು 99. ಇದರಲ್ಲೂ ಧೂಳು ಮೋಸ ಮಾಡಿತು. ಆಡುವಾಗ ಮಹಾಪ್ರಾಣ ಬಿಟ್ಟು ದೂಳು ಎನ್ನುತ್ತೇವೆ, ಹಾಗೆಯೇ ಬರೆಯುವವರೂ ಇದ್ದಾರೆ. ಒಪ್ಪಿಸುವಾಗ 99 ಹೋಗಿ 89 ಬರುತ್ತಿತ್ತು. ಎರಡು ಬಾರಿ ಯಾರೋ ಅಪರಿಚಿತರಿಗೆ ಕರೆ ಹೋಗಿದೆ. ಆಮೇಲೆ ಧಕಾರದ ಪ್ರತಿ ಚಿತ್ರಕ್ಕೂ ಹೊಗೆ ಕೂಡಿಸಿದೆ. ಧ್ವಜ ಹೊಗೆಯಾಡುತ್ತದೆ, ಧೋತಿ ಹೊಗೆಯಾಡುತ್ತದೆ, ಧೂಳೂ ಹೊಗೆಯಾಡುತ್ತದೆ. ಹೊಗೆ ಕಂಡರೆ ಅದು 9. ಶಕಾರ ಸಕಾರಗಳ ಗೊಂದಲಕ್ಕೂ ಇಂಥದೇ ಒಂದು ಉಪಾಯ ಮಾಡಿದೆ. ಶಾಲೆ 53, ಸಾಲೆ ಎಂದು ಕೇಳಿದರೆ 73.

94 ಮತ್ತು 97ಕ್ಕೆ ಒಂದು ವರ್ಷ ಪದ ಸಿಗಲಿಲ್ಲ. ಈಗ ಸಿಕ್ಕಿವೆ. ನಿಯಮವನ್ನು ಒಂದೇ ಒಂದು ಕಡೆ ಸಡಿಲಿಸಿದರೆ ಇಡೀ 90ರ ಸಾಲು ತೆರೆದುಕೊಳ್ಳುತ್ತದೆ, ಇಷ್ಟು ಸುಳಿವು ಸಾಕು. ಎಲ್ಲಿ ಎಂಬುದನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ.

ಚಿತ್ರಗಳನ್ನು ಇರಿಸಲು ಒಂದು ದಾರಿ ಬೇಕು: ಚೆನ್ನಾಗಿ ಗೊತ್ತಿರುವ ಜಾಗಗಳನ್ನು ಮನಸ್ಸಿನಲ್ಲೇ ಸಾಲಾಗಿ ಹಾದುಹೋಗುತ್ತಾ ಅಲ್ಲಲ್ಲಿ ಚಿತ್ರ ಇಡುವುದು. ಉದಾಹರಣೆಗೆ 135084: ಕಾಗೆ 13, ಮೀನು 50, ಹಾವು 84. ಮನೆಯ ಗೇಟಿನ ಮೇಲೆ ಕಾಗೆ. ಅದರ ಕೊಕ್ಕಿನಲ್ಲಿ ಒದ್ದಾಡುವ ಮೀನು, ಹನಿಯುವ ನೀರು ಗೇಟಿನ ತುಕ್ಕನ್ನು ಕೆಂಪಗೆ ಇಳಿಸುತ್ತಿದೆ. ಚಿಲಕ ತೆಗೆಯಲು ಕೈ ಹಾಕಿದರೆ ಚಿಲಕವಲ್ಲ, ತಣ್ಣನೆಯ ಹಾವು. ಆ ತಣ್ಣನೆಯ ಸ್ಪರ್ಶ ಬೆರಳಿಗೆ ಬರುವವರೆಗೆ ಮುಂದಿನ ಜಾಗಕ್ಕೆ ಹೋಗುವುದಿಲ್ಲ. ಮೊದಮೊದಲು ಬರೀ ನೋಡುತ್ತಿದ್ದೆ. ಮುಟ್ಟಲು ಶುರುಮಾಡಿದ ಮೇಲೆ ತಪ್ಪು ಅರ್ಧಕ್ಕಿಂತ ಕಡಿಮೆಯಾಯಿತು. ದಾರಿ ಒಂದೇ ಇದ್ದಾಗ ನಿನ್ನೆಯ ಹಾವು ಇಂದಿನ ಸಂಖ್ಯೆಯಲ್ಲಿ ಹೆಡೆ ಎತ್ತುತ್ತಿತ್ತು. ಈಗ ಆರು ದಾರಿಗಳಿವೆ, ಒಂದನ್ನು ಬಳಸಿದರೆ ಮೂರು ದಿನ ಅದಕ್ಕೆ ಬಿಡುವು.

ಮತ್ತೆ ಮತ್ತೆ ಓದುವುದನ್ನು ಪೂರ್ತಿ ಬಿಟ್ಟಿದ್ದೇನೆ. ಅದೇ ರಾತ್ರಿ, ಮರುದಿನ ಬೆಳಿಗ್ಗೆ, ಮೂರನೆಯ ದಿನ, ಎಂಟನೆಯ ದಿನ, ತಿಂಗಳಿಗೆ ಒಮ್ಮೆ. ಪ್ರತಿ ಸಲವೂ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆದು, ಆಮೇಲೆ ತಾಳೆ ನೋಡುವುದು. ಬಾರದಿದ್ದಾಗ ತಿಣುಕುವ ಆ ಅರ್ಧ ನಿಮಿಷವೇ ನಿಜವಾದ ಅಭ್ಯಾಸ. ಆ್ಯಪ್ ಅದನ್ನೇ ಮಾಡಿಸುತ್ತದೆ ಎನ್ನುವುದು ನಿಜ, ಆದರೆ ಬೆರಳು ತಾಗಿದೊಡನೆ ಉತ್ತರ ತೋರಿಸಿ ತಿಣುಕಲು ಬಿಡುವುದಿಲ್ಲ.

ನಡುವೆ ಒಂದು ಪಕ್ಕದ ಪ್ರಯೋಗ. ಮಗಳು ಇತಿಹಾಸದ ಇಸವಿಗಳಿಗೆ ಹೆದರುತ್ತಿದ್ದಳು. ಕೂತು ಇಬ್ಬರೂ ಪದ ಕಟ್ಟಿದೆವು. ವಿಜಯನಗರದ ಸ್ಥಾಪನೆ 1336: ಕಾಗೆ, ಬುತ್ತಿ. ತಾಳಿಕೋಟೆ ಕದನ 1565: ಕೋಣ, ಚರ್ಮ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799: ಕಾಸು, ಧೂಳು. ರಾಜ್ಯದ ಏಕೀಕರಣ 1956: ಕೋಳಿ, ಮಾತು. ಕರ್ನಾಟಕ ಎಂದು ಹೆಸರಾದದ್ದು 1973: ಕೋಳಿ, ಸೇಬು. ಕಾಗೆಯೊಂದು ಬುತ್ತಿ ಕಚ್ಚಿಕೊಂಡು ಹೋಗಿ ಹಂಪಿಯ ಬಂಡೆಯ ಮೇಲೆ ಕುಳಿತಿತು, ಕೋಣನ ಚರ್ಮದ ನಗಾರಿ ಬಡಿದು ಯುದ್ಧ ಸಾರಿದರು ಎಂದು ಅವಳೇ ಕಥೆ ಕಟ್ಟಿದಳು. ಮೂರು ವಾರದ ಮೇಲೆ ಹಠಾತ್ತನೆ ಕೇಳಿದೆ: ಇಪ್ಪತ್ತರಲ್ಲಿ ಹದಿನೆಂಟು ಸರಿ. ಇನ್ನೊಂದು ಪ್ರಯೋಗ, ರಾತ್ರಿ ಮಲಗುವ ಮುನ್ನ ಕಲಿತ ನಲವತ್ತು ಅಂಕಿ ಮತ್ತು ಬೆಳಿಗ್ಗೆ ಕಲಿತ ನಲವತ್ತು ಅಂಕಿ; ಎರಡನ್ನೂ ಹತ್ತು ಗಂಟೆ ಬಿಟ್ಟು ಒಪ್ಪಿಸಿದೆ. ಎರಡು ವಾರದ ಸರಾಸರಿಯಲ್ಲಿ ರಾತ್ರಿಯದು ಐದಾರು ಅಂಕಿ ಮುಂದಿತ್ತು. ನಡೆಯುತ್ತಾ ಕಲಿತದ್ದಕ್ಕೂ ಕುಳಿತು ಕಲಿತದ್ದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಫಲ ಇಷ್ಟು. ಐದು ನಿಮಿಷಕ್ಕೆ ಇಪ್ಪತ್ತು ಅಂಕಿ ಇದ್ದದ್ದು ಈಗ ನೂರರ ಆಸುಪಾಸು. ಸುಮಾರು 340 ಗ್ರಾಹಕರ ಮೊಬೈಲ್ ಸಂಖ್ಯೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬಾಯಿಗೆ ಬರುತ್ತವೆ. ಎರಡು ವರ್ಷದಿಂದ ಒಂದು ಕಂತಿನ ತಾರೀಖೂ ತಪ್ಪಿಲ್ಲ. ನವೀಕರಣದಿಂದ ಬರುವ ಕಮಿಷನ್ ವರ್ಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಹೆಚ್ಚಾಗಿದೆ. ಹಾಗೆಂದು ನನ್ನ ನೆನಪು ಎಲ್ಲ ಕಡೆಯೂ ಹಿಗ್ಗಿದೆ ಎಂದು ಯಾರೂ ತಿಳಿಯಬೇಡಿ. ಸ್ಕೂಟರಿನ ಕೀಲಿಯನ್ನು ಈಗಲೂ ಹುಡುಕುತ್ತೇನೆ. 1980ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ಇಪ್ಪತ್ತು ತಿಂಗಳ ಅಭ್ಯಾಸದಿಂದ ಒಮ್ಮೆ ಕೇಳಿದ 79 ಅಂಕಿಗಳನ್ನು ಒಪ್ಪಿಸುವಂತಾದ. ಅಂಕಿಯ ಬದಲು ಅಕ್ಷರಗಳನ್ನು ಕೊಟ್ಟಾಗ ಆರಕ್ಕೆ ಇಳಿದ. ನನ್ನದೂ ಅದೇ ಕಥೆ. ಅಂಕಿಗೆ ಕಟ್ಟಿದ ಮನೆಯಲ್ಲಿ ಅಂಕಿ ಮಾತ್ರ ವಾಸಿಸುತ್ತದೆ. ಮುಖ ಮತ್ತು ಹೆಸರುಗಳಿಗೆ ಬೇರೆ ಮನೆ ಕಟ್ಟಬೇಕು, ಅದಕ್ಕೆ ಇನ್ನೂ ಪಾಯ ತೋಡಿಲ್ಲ.

ಈಗ ಕೈಯಲ್ಲಿರುವುದು ಮೂರಂಕಿಯ ಕೋಷ್ಟಕ. ಕರಡಿ 123, ಜಿರಳೆ 829, ಇವೆರಡು ಸಿಕ್ಕ ದಿನದ ಸಂತೋಷ ಹೇಳತೀರದು. ಸಾವಿರದಲ್ಲಿ ನಾನೂರು ಚಿಲ್ಲರೆ ತುಂಬಿವೆ. 900ರಿಂದ ಮುಂದಿನ ಹಾಳೆಗಳು ಹೆಚ್ಚುಕಡಿಮೆ ಖಾಲಿ. ಧಕಾರದಿಂದ ಶುರುವಾಗುವ, ಕಣ್ಣಿಗೆ ಕಟ್ಟುವಂಥ ಮೂರಕ್ಷರದ ಪದಗಳು ಯಾರ ಬಳಿಯಾದರೂ ಇದ್ದರೆ ಕೊಡಿ. ಬದಲಿಗೆ 94ರ ಗುಟ್ಟನ್ನು ಬಿಟ್ಟುಕೊಡುತ್ತೇನೆ.